ಎಂಟರೊಳಗೆ ಒಂದು ಎಲ್ಲಿದೆ

ಯಾದಗಿರಿಯ ಡಾಕ್ಟರು ಮಾತನ್ನು ಸುತ್ತಿ ಬಳಸಿ ಹೇಳಲಿಲ್ಲ. ಸ್ಕ್ಯಾನಿನ ಫೋಟೊವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಗಂಟಲಿನ ಗಡ್ಡಿ ದನಿಪೆಟ್ಟಿಗಿ ತನಕ ಬಂದದ. ಕಲಬುರಗಿಗೆ ಹೋಗ್ರಿ, ಆ ಪೆಟ್ಟಿಗೀನ ತೆಗೀತಾರ. ಜೀವ ಉಳೀತದ, ದನಿ ಉಳಿಯಂಗಿಲ್ಲ" ಎಂದರು.

ನನ್ನ ಅಣ್ಣ ಹೆಗಲ ಮೇಲಿನ ಟವೆಲ್ಲು ತೆಗೆದು, ನಾಲ್ಕು ಮಡಿಕೆ ಮಾಡಿ, ಮತ್ತೆ ಹೆಗಲಿಗೇ ಹಾಕಿಕೊಂಡ. ಆಮೇಲೆ ಕೇಳಿದ: "ಅಲ್ಲೀತನ ಹಾಡಬಹುದೇನ್ರಿ?"

ಡಾಕ್ಟರು ಅವನ ಮುಖವನ್ನೇ ನೋಡಿದರು. "ನೋವು ತಡಕೊಂಡ್ರ ಹಾಡ್ರಿ" ಎಂದರು.

ಕಲಬುರಗಿಯ ಆಸ್ಪತ್ರೆಯವರು ಹದಿಮೂರನೆಯ ದಿನಕ್ಕೆ ತಾರೀಖು ಕೊಟ್ಟರು.

ಅಣ್ಣನಿಗೆ ತಿಂಥಣಿಯಲ್ಲಿ ಸಣ್ಣದೊಂದು ಕಿರಾಣಿ ಅಂಗಡಿ. ಆದರೆ ಕೃಷ್ಣೆಯ ಈ ದಡದಲ್ಲಿ ಅವನನ್ನು ಅಂಗಡಿಯವನೆಂದು ಗುರುತಿಸುವವರು ಕಡಿಮೆ. ಅಮಾವಾಸ್ಯೆಗೆ ಮೌನೇಶ್ವರನ ಗುಡಿಯಲ್ಲಿ, ಸಾವಾದವರ ಮನೆಯಲ್ಲಿ, ಹೊಸ ಮನೆಯ ಒಕ್ಕಲಿನಲ್ಲಿ, ಎಲ್ಲೇ ಭಜನೆ ಇದ್ದರೂ ಮೊದಲ ಪದ ಅವನದೇ. ನಾನು ಶಹಾಪುರದಲ್ಲಿರುವವನು. ಫರಸಿ ಕಲ್ಲು ಹಾಸುವ ಗೌಂಡಿ. ಆರನೆಯ ಇಯತ್ತೆಗೆ ಶಾಲೆ ಬಿಟ್ಟೆ. ಬಿಟ್ಟದ್ದಕ್ಕೆ ನಾಚಿಕೆಪಟ್ಟವನಲ್ಲ. ಶಹಾಪುರ, ಸುರಪುರ, ಯಾದಗಿರಿ, ಈ ಮೂರೂ ಊರುಗಳಲ್ಲಿ ನಾನು ಹಾಸಿದ ನೆಲದ ಮೇಲೆ ಎಲ್ಲಿ ಬೇಕಾದರೂ ಒಂದು ಚರಿಗೆ ನೀರು ಚೆಲ್ಲಿ ನೋಡಿ, ಅದು ಮೋರಿಯ ದಾರಿಯನ್ನೇ ಹಿಡಿಯುತ್ತದೆ. ಕಲಿತವರ ಮನೆಯ ನೆಲವನ್ನೇ ಸರಿ ಮಾಡಿಕೊಟ್ಟವನು ನಾನು ಎಂಬ ಗರ್ವ ನನಗೆ ಇತ್ತು. ಈಗಲೂ ಸ್ವಲ್ಪ ಇದೆ.

ಕೆಲಸವಿಲ್ಲದ ದಿನ ಅಣ್ಣನ ಮೇಳದಲ್ಲಿ ತಬಲಾ ಹಿಡಿಯುತ್ತಿದ್ದೆ. ಅದು ಒಂಬತ್ತು ವರ್ಷದ ಹಿಂದಿನ ಮಾತು.

ಯಾದಗಿರಿಯಿಂದ ಬಸ್ಸಿನಲ್ಲಿ ಬರುವಾಗ ಅಣ್ಣ ಕಿಟಕಿಯಾಚೆ ನೋಡುತ್ತ ಹೇಳಿದ: "ಅಪ್ಪನ ಪದ ಒಮ್ಮೆ ಹಾಡಬೇಕು. ಮೇಳ ಕೂಡಿಸಿ, ಮಂದಿ ಮುಂದ. ಕಡೀಗೆ ಒಮ್ಮೆರ ತಾಳ ತಪ್ಪದಂಗ ಹಾಡಿ ಮುಗಸ್ತೀನಿ. ಇಲ್ಲಂದ್ರ ದನಿ ಹೋಗ್ತದ, ಹೆಸರು ಉಳೀತದ, ತಾಳಿಲ್ಲದ ಗವಾಯಿ ಅಂತ."

"ತಬಲಾ ಯಾರು ಹಿಡೀತಾರ?" ಎಂದೆ.

"ಸುರಪುರದವರು ಯಾರರ ಬರ್ತಾರ ಬಿಡು."

ಪಕ್ಕದಲ್ಲಿ ತಮ್ಮ ಕುಳಿತಿದ್ದಾನೆ, ಅವನೂ ಕೈಯುಳ್ಳವನೇ ಎಂದು ಅವನಿಗೆ ತಿಳಿಯದೇ ಇರಲಿಲ್ಲ. ಆ ‘ತಾಳಿಲ್ಲದ ಗವಾಯಿ’ ಎಂಬ ಹೆಸರನ್ನು ಅವನಿಗೆ ಕೊಟ್ಟವನು ನಾನೇ.

ಅದು ಆದದ್ದು ಹತ್ತಿಕುಣಿಯಲ್ಲಿ, ಒಂದು ಹೊಸ ಮನೆಯ ಒಕ್ಕಲಿನ ದಿನ. ಆ ಮನೆಯ ನೆಲ ಹಾಸಿದವನು ನಾನು. ನಮ್ಮ ಕಡೆ ನೆಲ ಹಾಸಿದ ಗೌಂಡಿಗೆ ಒಕ್ಕಲಿನ ದಿನ ಟೊಪ್ಪಿಗೆ, ಟವೆಲ್ಲು ಕೊಟ್ಟು, ನಡುಮನೆಯಲ್ಲಿ ಕೂಡಿಸಿ ಮರ್ಯಾದೆ ಮಾಡುತ್ತಾರೆ. ಆ ಟೊಪ್ಪಿಗೆ ಇಟ್ಟುಕೊಂಡೇ ನಾನು ತಬಲಾದ ಮುಂದೆ ಕುಳಿತಿದ್ದೆ. ಅಣ್ಣ ಅಂದು ನಮ್ಮ ಅಪ್ಪನ ಪದವೊಂದನ್ನು ಎತ್ತಿಕೊಂಡ. ಅಪ್ಪ ಅದನ್ನು ಹೊಲದ ಬದುವಿನ ಮೇಲೆ ಕುಳಿತು ಏಕತಾರಿಗೆ ಹಾಡುತ್ತಿದ್ದ, ಮೇಳದಲ್ಲಿ ಅದು ಎಂದೂ ಬಂದಿರಲಿಲ್ಲ. ‘ಯಾರ ಮನಿಯೋ, ಗುರುವೇ, ಇದು ಯಾರ ಮನಿಯೋ’ ಎಂದು ಶುರುವಾಗುತ್ತದೆ.

ಎರಡು ಸಲ ಪಲ್ಲವಿ ಹೇಳಿ ಅಣ್ಣ ನಿಂತುಬಿಟ್ಟ. "ತಮ್ಮಾ, ‘ಗುರುವೇ’ ಅನ್ನೂ ಜಾಗಾದಾಗ ನೀ ನನ್ನ ಹಿಡಿಯಂಗಿಲ್ಲ. ಕಾಲ ಕೆಳಗ ನೆಲ ಇಲ್ಲದಂಗ ಆಗತದ."

"ನೆಲ ನಾನ ಹಾಸೀನಿ, ತುಳದು ನೋಡು" ಎಂದೆ. ಕುಳಿತ ಮಂದಿಯೆಲ್ಲ ನಕ್ಕರು.

ಅಣ್ಣ ನಗಲಿಲ್ಲ. ಮತ್ತೆ ಎತ್ತಿಕೊಂಡ, ಮತ್ತೆ ಅಲ್ಲೇ ನಿಂತ. ನನಗೆ ಸಿಟ್ಟು ಬಂತು. ಬೆರಳು ಮಡಚಿ ಎಲ್ಲರಿಗೂ ಕೇಳುವ ಹಾಗೆ ಎಣಿಸಿ ತೋರಿಸಿದೆ. ಒಂದು, ಎರಡು, ಎಂಟರ ತನಕ. ಎಂಟಕ್ಕೆ ಒಂದು ಸುತ್ತು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ನಮ್ಮ ಮೇಳದಲ್ಲಿ ತಾಳ ಹಾಕುವ ಮುತ್ಯಾ ಎಲ್ಲರಿಗಿಂತ ಹಿರಿಯ, ನನಗೆ ತಬಲಾ ಕಲಿಸಿದವನೂ ಅವನೇ. ಅವನನ್ನೇ ಕೇಳಿದೆ: "ಹೇಳು ಮುತ್ಯಾ, ನನ್ನ ಲೆಕ್ಕ ತಪ್ಪೇನು?"

"ಇಲ್ಲಪಾ, ಲೆಕ್ಕ ಸರಿ ಅದ" ಎಂದ ಮುತ್ಯಾ.

"ಅಣ್ಣಾ, ದನಿ ದೇವರು ಕೊಟ್ಟಾನ, ತಾಳ ಕೊಡೂದು ಮರತಾನ" ಎಂದೆ ನಾನು.

ಆ ಮಾತು ಹತ್ತಿಕುಣಿಯಿಂದ ಹೊರಟು ನಮಗಿಂತ ಮೊದಲೇ ತಿಂಥಣಿ ಮುಟ್ಟಿತು. ಅಂಗಡಿಗೆ ಎಣ್ಣೆ ತರಲು ಬಂದವರು ಸಹ, "ಗವಾಯಿಗಳ, ತಾಳ ಹಾಕಿ ಅಳೀರಿ, ಕಮ್ಮಿ ಬೀಳ್ತದ" ಎಂದು ಕೆಣಕುತ್ತಿದ್ದರಂತೆ. ಅಣ್ಣ ಅಪ್ಪನ ಪದವನ್ನು ಆಮೇಲೆ ಮೇಳದಲ್ಲಿ ಹಾಡಲಿಲ್ಲ. ನಾನು ಅವನ ಜೊತೆ ತಬಲಾಕ್ಕೆ ಕೂಡಲಿಲ್ಲ. ಹಬ್ಬಕ್ಕೆ ಒಬ್ಬರ ಮನೆಗೊಬ್ಬರು ಹೋಗುತ್ತಿದ್ದೆವು, ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದೆವು, ಮಾತೂ ಇತ್ತು. ನನ್ನ ಮನೆಯ ಮೂಲೆಯಲ್ಲಿ ಬಟ್ಟೆ ಮುಚ್ಚಿದ ತಬಲಾ ಇರುತ್ತಿತ್ತು, ಅದರ ಕಡೆ ಇಬ್ಬರೂ ನೋಡುತ್ತಿರಲಿಲ್ಲ.

ಆ ಹದಿಮೂರು ದಿನಗಳಲ್ಲಿ ನನ್ನ ಕೆಲಸ ಇದ್ದದ್ದು ಭೀಮರಾಯನಗುಡಿಯ ಕ್ಯಾಂಪಿನಲ್ಲಿ, ಒಬ್ಬ ಸಂಗೀತದ ಟೀಚರ ಮನೆಯಲ್ಲಿ. ಅವರ ಯಜಮಾನರು ನೀರಾವರಿ ಕಚೇರಿಯ ಗುಮಾಸ್ತರು. ಹಳೆಯ ನೆಲ ಕಿತ್ತು ಹೊಸ ಫರಸಿ ಹಾಸಬೇಕಿತ್ತು. ಟೀಚರು ವರಾಂಡದಲ್ಲಿ ಮಧ್ಯಾಹ್ನ ಇಬ್ಬರು ಹುಡುಗಿಯರಿಗೆ ಪಾಠ ಹೇಳುತ್ತಿದ್ದರು. ಒಬ್ಬಳು ಹಾಡು ಕಲಿಯುವವಳು. ಇನ್ನೊಬ್ಬಳಿಗೆ ಕೀಬೋರ್ಡು, ಅವಳ ಹತ್ತಿರ ಗೆರೆ ಗೆರೆಯ ಒಂದು ಪುಸ್ತಕ.

ಹತ್ತಿರ ನಿಂತು ನೀರು ಕುಡಿಯುವಾಗ ಆ ಪುಸ್ತಕ ಕಣ್ಣಿಗೆ ಬಿತ್ತು. ಅಡ್ಡಕ್ಕೆ ಐದು ಗೆರೆ, ಅವುಗಳನ್ನು ಅಲ್ಲಲ್ಲಿ ಕಡಿದು ನಿಂತ ಉದ್ದ ಗೆರೆ. ಎಲ್ಲಕ್ಕೂ ಮುಂದೆ ನಾಲ್ಕು, ಅದರ ಕೆಳಗೆ ನಾಲ್ಕು.

"ನಾಕರ ಕೆಳಗ ನಾಕು ಅಂದ್ರ ಒಂದ ಆತಲ್ರೀ. ಒಂದು ಬರೀಲಿಕ್ಕೆ ಇಷ್ಟ್ಯಾಕ ಜಾಗಾ?" ಎಂದೆ. ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಟೀಚರು ನಗಲಿಲ್ಲ. "ಇದು ಭಾಗಾಕಾರ ಅಲ್ಲ ಮಿಸ್ತ್ರಿ. ಎರಡು ಉದ್ದ ಗೆರಿ ನಡುವ ಒಂದು ಮನಿ ಅಂತ ತಿಳೀರಿ. ಮ್ಯಾಲಿನ ನಾಕು ಒಂದ ಮನಿಯೊಳಗ ಎಷ್ಟು ಎಣಿಕಿ ಅಂತ. ಕೆಳಗಿನ ನಾಕು ಆ ಎಣಿಕಿ ಯಾವ ಅಳತೀದು ಅಂತ."

"ಅಂದ್ರ ಮ್ಯಾಲಿಂದು ಎಷ್ಟು ಕಲ್ಲು, ಕೆಳಗಿಂದು ಎಂಥಾ ಕಲ್ಲು."

"ಹಾಂ, ಅಷ್ಟ. ಮತ್ತ ಒಂದು ಮಾತು. ಗೆರಿ ದಾಟಿದ ಕೂಡಲೆ ಬರೂ ಎಣಿಕಿ ಅದ ನೋಡ್ರಿ, ಅದು ಎಲ್ಲಕ್ಕಿಂತ ತೂಕದ್ದು. ನಮ್ಮ ತಬಲಾದವರು ಅದಕ್ಕ ಸಮ್ ಅಂತಾರ."

ಸಮ್ ಎಂಬ ಮಾತು ನಾನೂ ಕೇಳಿದ್ದೆ. ಮೊದಲ ಪೆಟ್ಟು ಎಂದು ತಿಳಿದಿದ್ದೆ. ಹಾಡಿನ ಶುರು ಎಂದರೆ ಎಣಿಕೆಯ ಶುರು, ಅದರಲ್ಲಿ ಕೇಳುವುದೇನು?

ಮರುದಿನ ಮತ್ತೆ ನೋಡಿದೆ. ನನ್ನ ಕಣ್ಣು ಅಳತೆಯ ಕಣ್ಣು, ತಪ್ಪು ಕಂಡರೆ ಸುಮ್ಮನಿರುವುದಿಲ್ಲ. "ಟೀಚರ, ಪುಸ್ತಕದವರು ತಪ್ಪು ಹಾಕ್ಯಾರ. ಒಂದೊಂದು ಮನಿಗೆ ನಾಕು ಅಂದ್ರಿ. ಈ ಹಾಡಿನ ಮೊದಲನೇ ಮನಿಯೊಳಗ ಒಂದ ಅದ. ಮೂರು ಎಲ್ಲಿ ಹೋದ್ವು?"

ಟೀಚರು ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. "ತಪ್ಪಲ್ಲ ಮಿಸ್ತ್ರಿ. ಹಾಡು ಗೆರಿಗಿಂತ ಮುಂಚೇನ ಬಂದದ. ಎಣಿಕಿ ಶುರು ಆಗೂದು ಗೆರಿ ದಾಟಿದ ಮ್ಯಾಲೆ. ಮೊದಲ ಬಂದದ್ದು ಒಂದನೇದು ಅಲ್ಲ, ಕಡೀದು. ನಾಕನೇದು."

ನಾನು ಅಂದು ಹೊಸ್ತಿಲ ಹತ್ತಿರ ಬಂದಿದ್ದೆ. ಫರಸಿ ಹಾಸುವವರು ಬಾಗಿಲಿನಿಂದ ಶುರು ಮಾಡುವುದಿಲ್ಲ. ಒಳಗಿನ ಗೋಡೆಗೆ ದಾರ ಕಟ್ಟಿ, ಇಡೀ ಕಲ್ಲು ಅಲ್ಲಿಂದ ಇಡುತ್ತ, ಹಸಿ ನೆಲ ತುಳಿಯದ ಹಾಗೆ ಹಿಂದೆ ಹಿಂದೆ ಸರಿಯುತ್ತ ಬಾಗಿಲಿಗೆ ಬರುತ್ತೇವೆ. ಬಾಗಿಲಿಗೆ ಬಂದಾಗ ಇಡೀ ಕಲ್ಲಿಗೆ ಜಾಗ ಉಳಿದಿರುವುದಿಲ್ಲ, ತುಂಡು ಕೂಡಿಸುತ್ತೇವೆ. ಹೊರಗಿನಿಂದ ಬಂದ ಮನುಷ್ಯ ಮೊದಲು ಕಾಲಿಡುವುದು ಆ ತುಂಡಿನ ಮೇಲೆ. ಅದನ್ನೇ ಮೊದಲ ಕಲ್ಲು ಎಂದು ತಿಳಿದು ಅಲ್ಲಿಂದ ಯಾರಾದರೂ ಸಾಲು ಎಣಿಸಿದರೆ ನಾನು ನಗುತ್ತಿದ್ದೆ.

ಎಡಗೈಯಲ್ಲಿ ಆರು ಇಂಚಿನ ತುಂಡು ಹಿಡಿದು ಅಲ್ಲೇ ಕುಕ್ಕರುಗಾಲಲ್ಲಿ ಕುಳಿತೆ. ಹಾಡು ಎಲ್ಲಿ ಹುಟ್ಟುತ್ತದೋ ಎಣಿಕೆ ಅಲ್ಲೇ ಹುಟ್ಟಬೇಕು ಎಂದು ಮುತ್ಯಾ ಕಲಿಸಿದ್ದ. ಮೇಳದ ಪದಗಳೆಲ್ಲ ಹಾಗೆ ನಡೆಯುವಂಥವೇ. ಅಪ್ಪನ ಪದ ಮೇಳದ್ದಲ್ಲ.

"ಟೀಚರ, ಒಂದು ಪದ ಹೇಳ್ತೀನಿ. ನನ್ನ ದನಿ ಕೇಳಿ ನಗಬ್ಯಾಡ್ರಿ" ಎಂದೆ. ನಗಲು ತಯಾರಾಗಿದ್ದ ಹುಡುಗಿಯರು ನನ್ನ ಮುಖ ನೋಡಿ ಸುಮ್ಮನಾದರು. ಸಿಮೆಂಟು ಮೆತ್ತಿದ ಕೈಯಿಂದ ಚಪ್ಪಾಳೆ ಹಾಕುತ್ತ ಪಲ್ಲವಿ ಹೇಳಿದೆ.

ಟೀಚರು ಕೇಳಿದರು, "ನೀವು ಎಡಗೈ ಡಗ್ಗಾದ ದೊಡ್ಡ ಪೆಟ್ಟು ಎಲ್ಲಿ ಕೊಡ್ತೀರಿ?"

"‘ಯಾರ’ ಅಂದಲ್ಲಿ. ಅಲ್ಲೇ ಶುರುವಲ್ರೀ."

"ಹಾಡೂವರು ಎಲ್ಲಿ ಒತ್ತತಾರ?"

ಉತ್ತರ ನನಗೆ ಗೊತ್ತಿತ್ತು. "ಗುರುವೇ ಅಂದಲ್ಲಿ."

ಅವರು ಹಾಡು ಕಲಿಯುವ ಹುಡುಗಿಯ ವಹಿಯಲ್ಲಿ ಬರೆದು ತೋರಿಸಿದರು. ತಬಲಾದ ಎಂಟು ಬೋಲು, ನಾಲ್ಕಾದ ಮೇಲೆ ಒಂದು ನಿಂತ ಗೆರೆ. ಮೊದಲನೆಯದರ ಕೆಳಗೆ ಗುಣಾಕಾರದ ಗುರುತು, ಐದನೆಯದರ ಕೆಳಗೆ ಸೊನ್ನೆ. "ಗುಣಾಕಾರ ಅಂದ್ರ ಸಮ್. ಸೊನ್ನಿ ಅಂದ್ರ ಖಾಲಿ, ಅಲ್ಲಿ ಡಗ್ಗಾ ಬಾಯಿ ಮುಚ್ಚತದ. ನಿಮ್ಮ ಪದ ಹುಟ್ಟೂದು ಖಾಲಿಯಿಂದ. ‘ಯಾರ ಮನಿಯೋ’ ಅನ್ನೂ ನಾಕು ಸೊನ್ನೀದು. ‘ಗುರುವೇ’ ಸಮ್. ನೀವು ಅದನ್ನ ತಿರುಗಾಮುರುಗಾ ಬಾರಿಸೀರಿ. ಎಂಟು ಎಂಟೇ ಅದಾವ, ತಪ್ಪು ಎಣಿಕ್ಯಾಗ ಇಲ್ಲ. ಆದರ ಅವರು ‘ಗುರುವೇ’ ಅಂತ ಪೂರಾ ಭಾರ ಬಿಟ್ಟಾಗ ನೀವು ಖಾಲಿಯೊಳಗ ಇರ್ತೀರಿ."

ಕಾಲ ಕೆಳಗೆ ನೆಲ ಇಲ್ಲದ ಹಾಗೆ ಆಗುತ್ತದೆ ಎಂದಿದ್ದ ಅಣ್ಣ. ಅವನಿಗೆ ಸಮ್ ಗೊತ್ತಿರಲಿಲ್ಲ, ಖಾಲಿ ಗೊತ್ತಿರಲಿಲ್ಲ. ತನಗೆ ಆದದ್ದನ್ನು ಆದ ಹಾಗೆ ಹೇಳಿದ್ದ.

ಟೀಚರು ಹೇಳಿದಂತೆ ಸಿಮೆಂಟಿನ ಬುಟ್ಟಿ ಬೋರಲು ಹಾಕಿ, ನಾಲ್ಕು ಎಣಿಕೆ ಕೈ ಎತ್ತಿ ಹಿಡಿದು, ‘ಗುರುವೇ’ ಎನ್ನುವಲ್ಲಿ ಕೈ ಇಳಿಸಿದೆ. ಪದ ಬಂದು ಕೂತಿತು. ಮೂರು ಸುತ್ತು ಬಾರಿಸಿ ನಿಲ್ಲಿಸಿದೆ.

"ಯಾರು ಹಾಡ್ತಾರ ಇದನ್ನ?" ಎಂದರು ಟೀಚರು.

"ನಮ್ಮಣ್ಣ."

"ಯಾರ ಹತ್ರ ಕಲತಾರ?"

"ಯಾರ ಹತ್ರಾನೂ ಇಲ್ಲ."

"ಉಲ್ಟಾ ತಬಲಾ ಕೇಳಕೋತ ಕೇಳಕೋತ ತಮ್ಮ ಜಾಗಾ ಬಿಡಲಿಲ್ಲ ಅಂದ್ರ, ಅವರಿಗೆ ತಾಳ ಬಾಳ ಗಟ್ಟಿ ಅದ ಮಿಸ್ತ್ರಿ."

ಹೋಗಿ ಹೊಸ್ತಿಲ ಸಾಲು ಕೂಡಿಸಿದೆ. ಅದು ಎಷ್ಟು ಕೆಟ್ಟದಾಗಿ ಕೂತಿತ್ತೆಂದರೆ ಮರುದಿನ ಬೆಳಿಗ್ಗೆ ಎರಡು ತುಂಡು ಕಿತ್ತು ಮತ್ತೆ ಹಾಕಬೇಕಾಯಿತು. ನನ್ನ ಕೈಯ ಕಲ್ಲನ್ನು ನಾನೇ ಕಿತ್ತದ್ದು ಅದೇ ಮೊದಲು.

ಆಮೇಲಿನ ನಾಲ್ಕು ದಿನ ತಿಂಥಣಿಗೆ ಹೋಗಲಿಲ್ಲ. ಕೆಲಸವಿತ್ತು ಎಂದು ಬರೆಯಬಹುದು, ಸುಳ್ಳಾಗುತ್ತದೆ. ಒಂದು ಸುಲಭದ ದಾರಿ ನನಗೆ ಕಂಡಿತ್ತು. ಭಜನೆಗೆ ಹೋಗುವುದು, ಸುಮ್ಮನೆ ಸರಿಯಾಗಿ ಬಾರಿಸುವುದು. ಅಣ್ಣನಿಗೆ ನೆಲ ಸಿಗುತ್ತದೆ, ಹಾಡು ತಾಳಕ್ಕೆ ಕೂಡುತ್ತದೆ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಆದರೆ ಮಂದಿ ಏನೆನ್ನುತ್ತಾರೆಂದು ನನಗೆ ಗೊತ್ತಿತ್ತು. ‘ಗವಾಯಿ ಸಾಯೂ ಹೊತ್ತಿಗೆ ತಾಳ ಕಲತ’ ಎನ್ನುತ್ತಾರೆ. ಅದನ್ನು ಕೇಳಿಕೊಂಡು ದನಿಯಿಲ್ಲದವನು ತಿರುಗಿ ಏನು ಹೇಳಬೇಕು? ಒಬ್ಬನೇ ಕುಳಿತು ಉಣ್ಣುವಾಗ, ಸೈಕಲ್ ಮೋಟರಿನ ಮೇಲೆ ಹೋಗುವಾಗ, ‘ತಪ್ಪು ನಂದು’ ಎಂದು ಬಾಯಲ್ಲಿ ಆಡಿ ನೋಡುತ್ತಿದ್ದೆ. ಎರಡೇ ಮಾತು. ಒಂದು ಕ್ವಿಂಟಲ್ ಕಲ್ಲು ಎತ್ತುವ ಮೈ ನನ್ನದು, ಅವು ಏಳುತ್ತಿರಲಿಲ್ಲ.

ರವಿವಾರ ಮಧ್ಯಾಹ್ನ ಅಪ್ಪನ ಪದಕ್ಕೆಂದು ಅಣ್ಣನ ಅಂಗಳದಲ್ಲಿ ಮೇಳ ಕೂಡಿತ್ತು. ಹಾರ್ಮೋನಿಯಂ, ತಾಳದ ಮುತ್ಯಾ, ಹಿಮ್ಮೇಳದ ನಾಲ್ವರು, ಹತ್ತಿಕುಣಿಯಲ್ಲಿ ಅಂದು ಇದ್ದವರೇ ಎಲ್ಲ. ಓಣಿಯ ಮಂದಿಯೂ ಇದ್ದರು. ಸುರಪುರದ ತಬಲಾದವರು ಸುತ್ತಿಗೆ ಹಿಡಿದು ತಬಲಾ ಶ್ರುತಿ ಮಾಡುತ್ತಿದ್ದರು. ನನ್ನ ಬಗಲಲ್ಲೂ ತಬಲಾ ಕಂಡು ಹಾರ್ಮೋನಿಯಂದವನು, "ಒಬ್ಬ ಗವಾಯಿಗೆ ಇಬ್ಬರು ತಬಲಾದವರೇನಪಾ, ಇದೇನು ಸಾಹುಕಾರರ ಮದಿವಿ?" ಎಂದ. ಅತ್ತಿಗೆ ನೀರು ತಂದುಕೊಟ್ಟು, "ಬಂದಿ ಏನಪಾ" ಎಂದಷ್ಟೇ ಅಂದರು. ಅಣ್ಣ ತಲೆ ಎತ್ತಲಿಲ್ಲ. ಅವನ ಕೊರಳು ಆ ಎಂಟು ಹತ್ತು ದಿನಗಳಲ್ಲಿ ಸಣ್ಣಗಾಗಿತ್ತು.

ನಾನು ಕೂಡಲಿಲ್ಲ, ನಿಂತೇ ಹೇಳಿದೆ. "ಒಂದು ಮಾತದ. ಎಲ್ಲಾರೂ ಕೇಳ್ರಿ. ಹತ್ತಿಕುಣಿಯೊಳಗ ತಪ್ಪು ಅಣ್ಣಂದಲ್ಲ. ನಂದು."

ಮುತ್ಯಾ ಕಿವಿಯ ಹಿಂದೆ ಕೈ ಹಿಡಿದು ಮುಂದಕ್ಕೆ ಬಾಗಿದ. "ಎಂಟು ಎಣಿಸಿ ತೋರಿಸಿದ್ದಿ ಅಲ್ಲೋ?"

"ಎಂಟು ಸರಿ ಇದ್ವು ಮುತ್ಯಾ. ಎಂಟರೊಳಗ ಒಂದು ಎಲ್ಲದ ಅನ್ನೂದು ನನಗ ಗೊತ್ತಿರಲಿಲ್ಲ. ಆ ಪದ ಅರ್ಧಾ ಸುತ್ತು ಮೊದಲ ಹುಟ್ಟತದ. ಎಣಿಕಿ ‘ಗುರುವೇ’ ಅಂದಲ್ಲಿಂದ. ಅಣ್ಣ ಅಲ್ಲೇ ಇದ್ದ. ನಾ ಇರಲಿಲ್ಲ."

ಅಣ್ಣ ಆಗಲೇ ಹೇಳಿ ತೋರಿಸಿದ್ದ ಪಲ್ಲವಿಗೆ ಸುರಪುರದವರು ಮೊಣಕಾಲ ಮೇಲೆ ಬೆರಳಾಡಿಸಿ ನೋಡಿಕೊಂಡರು. "ಖರೇನ ಅದ. ಇದು ಖಾಲಿಯಿಂದ ಏಳೂ ಪದ" ಎಂದರು. ತಮ್ಮ ತಬಲಾ ಪಕ್ಕಕ್ಕೆ ಸರಿಸಿ ಜಾಗ ಬಿಟ್ಟುಕೊಟ್ಟರು.

"ಹಾಡು ಹುಟ್ಟಿದಲ್ಲೇ ಎಣಿಕಿ ಅಂತ ಕಲಿಸಿದಾಂವ ನಾನಪಾ" ಎಂದ ಮುತ್ಯಾ, ಸಣ್ಣ ದನಿಯಲ್ಲಿ.

"ನೀ ಕಲಿಸಿದ್ದು ತಾಳ ಅಷ್ಟ. ತಾಳಿಲ್ಲದ ಗವಾಯಿ ಅಂತ ಅಂದಾಂವ ನಾನು."

ಹಿಮ್ಮೇಳದವನೊಬ್ಬ, "ಒಂಬತ್ತು ವರ್ಷ ಆದ ಮ್ಯಾಲೆ, ಈಗ..." ಎಂದು ಅರ್ಧಕ್ಕೆ ನಿಲ್ಲಿಸಿದ. ಅವನು ನಿಲ್ಲಿಸಿದ್ದನ್ನು ಅಂಗಳದಲ್ಲಿದ್ದವರೆಲ್ಲ ಪೂರ್ತಿ ಕೇಳಿಸಿಕೊಂಡರು.

ಅಣ್ಣ ಆಗ ನನ್ನನ್ನು ನೋಡಿದ. "ಮಾತು ಸಾಕು. ಕೂಡು, ಬಾರಿಸು. ನೋಡೂಣು" ಎಂದ.

ಹಾರ್ಮೋನಿಯಂ ಎದ್ದಿತು. ‘ಯಾರ ಮನಿಯೋ’ ಎಂದು ಅಣ್ಣ ಎತ್ತಿಕೊಂಡ. ನಾನು ಕೈ ಎತ್ತಿ ಹಿಡಿದೆ. ಆ ನಾಲ್ಕು ಎಣಿಕೆಯಷ್ಟು ಹೊತ್ತು ಬಾರಿಸದೆ ಕೂರುವುದು ನನಗೆ ಯಾವ ಕೆಲಸಕ್ಕಿಂತಲೂ ಕಷ್ಟವಾಯಿತು. ‘ಗುರುವೇ’ ಎಂದ. ಕೈ ಇಳಿಯಿತು. ಡಗ್ಗಾದ ದನಿ, ಅವನ ದನಿ ಒಟ್ಟಿಗೆ ನೆಲ ಮುಟ್ಟಿದವು. ಅಣ್ಣ ಕಣ್ಣು ಮುಚ್ಚಿಕೊಂಡ. ಅವನ ದನಿ ಮೊದಲಿನದಾಗಿರಲಿಲ್ಲ, ಗೋಣಿಚೀಲ ಎಳೆದ ಹಾಗೆ ತುದಿ ಹರಿಯುತ್ತಿತ್ತು. ಆದರೆ ‘ಗುರುವೇ’ ಬಂದಾಗಲೆಲ್ಲ ಅವನು ಹೆದರದೆ ಅದರ ಮೇಲೆ ಪೂರಾ ಭಾರ ಬಿಟ್ಟ.

ಎರಡನೆಯ ನುಡಿಯಲ್ಲಿ ಕೆಮ್ಮು ಬಂತು. ಹಾಡು ಕಡಿಯಿತು. ಅತ್ತಿಗೆ ಬಾಗಿಲಿನಿಂದ ಎದ್ದು ಬಂದರು. ಹಾರ್ಮೋನಿಯಂದವನು ಕೈ ತೆಗೆದ. ಮುತ್ಯಾ ತಾಳ ನಿಲ್ಲಿಸಬೇಕೋ ಬೇಡವೋ ಎಂದು ನನ್ನ ಮುಖ ನೋಡಿದ. ನಾನು ನಿಲ್ಲಿಸಲಿಲ್ಲ. ಒಂದು ಸುತ್ತು ಹೋಯಿತು, ಎರಡು ಸುತ್ತು ಹೋಯಿತು, ಅಣ್ಣ ಟವೆಲ್ಲಿನಿಂದ ಬಾಯಿ ಒತ್ತಿಕೊಂಡು ಬಾಗಿ ಕುಳಿತಿದ್ದ. ಮೂರನೆಯ ಸುತ್ತಿನಲ್ಲಿ ಖಾಲಿ ಬರುತ್ತಿದ್ದ ಹಾಗೆ ತಲೆ ಎತ್ತಿ, ಯಾರ ಸನ್ನೆಯೂ ಇಲ್ಲದೆ, ಸರಿಯಾಗಿ ಐದನೆಯ ಎಣಿಕೆಗೆ ‘ಯಾರ ಮನಿಯೋ’ ಎಂದು ಹೊಕ್ಕ.

"ಹಿಡದಾ ನೋಡು! ಹೆಂಗ ಹಿಡದಾ ನೋಡು!" ಎಂದು ಮುತ್ಯಾ ತಾಳ ಬಿಟ್ಟು ಕೂಗಿಬಿಟ್ಟ. ಓಣಿಯ ಮಂದಿ ಗೋಣು ಹಾಕಿದರು. ಅವರಲ್ಲಿ ಎಣ್ಣೆಗೆ ಬಂದು ಕೆಣಕುತ್ತಿದ್ದವರೂ ಇದ್ದರು.

ಪದ ಮುಗಿಯಿತು. ಇನ್ನೊಂದು ಹಾಡು ಎಂದು ಯಾರೂ ಕೇಳಲಿಲ್ಲ. ಚಹಾ ಬಂದಾಗ ಅಣ್ಣ ಮೊದಲ ಕಪ್ಪು ಸುರಪುರದವರಿಗೆ, ಎರಡನೆಯದು ನನಗೆ ಕೊಡುವಂತೆ ಅತ್ತಿಗೆಗೆ ಕೈ ಮಾಡಿದ.

ಬುಧವಾರ ಬೆಳಿಗ್ಗೆ ಕಲಬುರಗಿಯಲ್ಲಿ, ಆಪರೇಷನ್ನಿಗೆ ಒಳಗೆ ಕರೆದೊಯ್ಯುವ ಮುಂಚೆ, ಒಬ್ಬ ಸಿಸ್ಟರು ಕಾಗದ ಹಿಡಿದು ಬಂದರು. ಹೆಸರು ಕೇಳಿದರು, ಅಣ್ಣ ಹೇಳಿದ. ವಯಸ್ಸು ಕೇಳಿದರು, ಊರು ಕೇಳಿದರು, ಹೇಳಿದ. ಒಂದೊಂದಕ್ಕೂ ಉಸಿರು ಕೂಡಿಸಿಕೊಳ್ಳುತ್ತಿದ್ದ.

"ಏನು ಕೆಲಸ ಮಾಡ್ತೀರಿ?"

ಅವನಿಗೆ ತ್ರಾಸು ಬೇಡವೆಂದು ನಾನೇ, "ಕಿರಾಣಿ..." ಎಂದು ಬಾಯಿ ತೆರೆದೆ. ಅಣ್ಣ ನನ್ನ ಮುಂಗೈ ಹಿಡಿದು ತಡೆದ.

"ಹಾಡ್ತೀನ್ರಿ" ಎಂದ.

ಸಿಸ್ಟರು ಕಾಗದ ನೋಡಿದರು, ಅವನ ಗಂಟಲ ಮೇಲೆ ಡಾಕ್ಟರು ಮಾಡಿದ್ದ ಗುರುತನ್ನು ನೋಡಿದರು. ಆಮೇಲೆ ಅವನು ಹೇಳಿದ್ದನ್ನೇ ಬರೆದುಕೊಂಡರು.